ಕೋಚ್ ನಾಗಲಿಂಗನ ಬಾಳೆಹಣ್ಣು

ಅಂದಿನ ಎಲ್ಲ ಅನಾಹುತಕ್ಕೂ ಮೂಲ ಒಂದು ಚೀಲ ಬಾಳೆಹಣ್ಣು. ಇಳಕಲ್ಲಿನ ಫುಟ್‌ಬಾಲ್ ಕೋಚ್ ನಾಗಲಿಂಗ ಬೆಳಿಗ್ಗೆಯೇ ಅದನ್ನು ಮಾರ್ಕೆಟ್ಟಿನಿಂದ ಹೊತ್ತು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಇವತ್ತ ನಮ್ಮ ಹುಡುಗ್ಯಾರಿಗೆ ಇಷ್ಟ ಊಟ. ಬ್ಯಾರೆ ಏನೂ ತಿನ್ನಂಗಿಲ್ಲ," ಎಂದು ಸಾರಿದ.

ಹೂರಣ ರುಬ್ಬುತ್ತಿದ್ದ ಹೆಂಡತಿ ಜಯಶ್ರೀಯ ಕೈ ನಿಂತಿತು. "ಮನಿಮಕ್ಕಳು ಇದ್ದಂಗ ಇದ್ದಾವು. ಬಾಗಲಕೋಟಿಗೆ ಫೈನಲ್ ಆಡಾಕ ಹೊಂಟಾವು. ಬಾಳಿಹಣ್ಣ ಕೊಟ್ಟು ಕಳಸ್ತೀರಿ? ಅವೇನು ಮಂಗ್ಯಾನ ಮರಿ ಏನ್ರಿ?"

"ಹೊಟ್ಟಿ ತುಂಬಿದ್ರ ಓಡಾಕ ಬರಂಗಿಲ್ಲ ಜಯಾ. ಗೋವಾದಾಗ ಆಟದ ದಿವಸ ನಾವು..."

"ಗೋವಾದಾಗ ನಿಮಗ ಹೇಳೋರು ಕೇಳೋರು ಯಾರೂ ಇರಲಿಲ್ಲ. ಇಲ್ಲಿ ಮಂದಿ ನನಗ ಅಂತಾರ."

ನಾಗಲಿಂಗ ಹೊರಗೆ ಹೋದ. ಅಂಗಳದಲ್ಲಿ ಸೇರಿದ್ದ ಹುಡುಗಿಯರ ಮುಂದೆ ನಿಂತು, "ನಿಮಗೊಂದು ನನಗೊಂದು ಇಲ್ಲ. ಇವತ್ತ ನನ್ನ ಬಾಯಾಗೂ ಬಾಳಿಹಣ್ಣ ಬಿಟ್ಟು ಬ್ಯಾರೆ ಏನೂ ಹೋಗಂಗಿಲ್ಲ!" ಎಂದು ಎದೆ ತಟ್ಟಿ ಹೇಳಿದ. ಆಮೇಲೆ ಟೆಂಪೋ ಕರೆತರಲು ಹೋದ. ಆ ಹೊತ್ತಿನಲ್ಲಿ ಜಯಶ್ರೀ ಎರಡು ಕೆಲಸ ಮಾಡಿದಳು. ಒಂದು, ಚೀಲದಲ್ಲಿದ್ದ ಹಣ್ಣು ತೆಗೆದು ಹೋಳಿಗೆ ತುಂಬಿದಳು. ಇನ್ನೊಂದು, ದಾರಿಯುದ್ದಕ್ಕೂ ಇರುವ ತನ್ನ ಬಳಗಕ್ಕೆಲ್ಲ ಫೋನ್ ಮಾಡಿದಳು.

ನಾಗಲಿಂಗನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನು ನಿಜವಾದ ಆಟಗಾರ, ಫುಟ್‌ಬಾಲ್ ಆಡಿಯೇ ಸಂಬಳ ತಂದವನು. ಗೋವಾ, ಕೋಲ್ಕತ್ತಾಗಳ ದೊಡ್ಡ ಕ್ಲಬ್ಬುಗಳಲ್ಲಿ ಮೊಣಕಾಲು ಕೈಕೊಡುವ ತನಕ ಆಡಿದವನು. ಆದರೆ ಆಡಿದ್ದು ಡಿಫೆಂಡರ್ ಆಗಿ. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ತಡೆದವನ ಹೆಸರು ಅವನ ಮನೆಯವರಿಗೆ ನೆನಪಿದ್ದರೆ ಅದೇ ಹೆಚ್ಚು. ಇಳಕಲ್ಲಿನ ಜನ ಅವನನ್ನು ಟಿವಿಯಲ್ಲಿ ನೋಡಿದ್ದು ಒಂದೇ ಸಲ, ಅದೂ ಕಾಲು ಹಿಡಿದುಕೊಂಡು ನೆಲದ ಮೇಲೆ ಉರುಳಾಡುವಾಗ. ಇಂದಿಗೂ ಓಣಿಯಲ್ಲಿ ಸಿಕ್ಕವರು, "ಕಾಲು ಹ್ಯಾಂಗ ಐತೋ ನಾಗಲಿಂಗಾ?" ಎಂದೇ ಕೇಳುತ್ತಾರೆ.

ಇಂಥವನನ್ನು ಕೋಚ್ ಮಾಡಿದ್ದು ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಶಂಕ್ರಪ್ಪ ಸಾಹುಕಾರ. ಮೈದಾನ ಅವರದು, ಚೆಂಡು ಅವರದು, ಶರತ್ತೂ ಅವರದೇ. "ಫೈನಲ್ ಗೆದ್ದು ಬಾ, ಕಾಯಂ ಕೋಚ್ ಅಂತ ಮೈಕಿನಾಗ ಹೇಳಿ ಶಾಲು ಹಾಕ್ತೇನಿ. ಸೋತಿ ಅಂದ್ರ ಮೈದಾನದಾಗ ನನ್ನ ಕಲ್ಲು ಇಳಸ್ತೇನಿ. ನೀ ಅವನ್ನ ಕಾಯ್ಕೊಂತ ಕುಂದ್ರು." ಚೆಂಡು ಕಾಯುವುದೋ ಕಲ್ಲು ಕಾಯುವುದೋ, ಅಂದು ಸಂಜೆಯೊಳಗೆ ತೀರ್ಮಾನವಾಗಬೇಕಿತ್ತು.

ಹುನಗುಂದದ ಬಸ್‌ಸ್ಟ್ಯಾಂಡ್ ಹತ್ತಿರ ಟೆಂಪೋ ತಾನಾಗಿಯೇ ನಿಂತಿತು.

"ಯಾಕಪಾ ರಾಜಮಹ್ಮದ?" ನಾಗಲಿಂಗ ಡ್ರೈವರನನ್ನು ಕೇಳಿದ.

"ನಿಮ್ಮ ಮನ್ಯಾಗ ಹೇಳ್ಯಾರ್ರಿ," ಎಂದು ರಾಜಮಹ್ಮದ ರಸ್ತೆಯ ಆಚೆ ಕೈ ತೋರಿಸಿದ.

ಅಲ್ಲಿ ಜಯಶ್ರೀಯ ಚಿಗವ್ವ ತಾಯವ್ವ ಬುಟ್ಟಿ ಹಿಡಿದು ನಿಂತಿದ್ದಳು. "ಹೆಣ್ಣಮಕ್ಕಳು ನಮ್ಮ ಊರ ದಾಟಿ ಹೋಗೂ ಮುಂದ ಉಡಿ ತುಂಬದ ಹ್ಯಾಂಗ ಬಿಡ್ಲಿ?" ಎಂದವಳೇ ಕೊಬ್ಬರಿ, ಉತ್ತತ್ತಿ, ಬೆಲ್ಲ ಹೊರತೆಗೆದಳು. ಉಡಿ ತುಂಬಲು ಸೆರಗು ಬೇಕು. ಹುಡುಗಿಯರ ಮೈಮೇಲಿದ್ದದ್ದು ನೀಲಿ ಜೆರ್ಸಿ. ತಾಯವ್ವ ಅದಕ್ಕೇನೂ ಎದೆಗುಂದದೆ ಜೆರ್ಸಿಯ ಅಂಚನ್ನೇ ಹಿಡಿಸಿ ತುಂಬಿದಳು. ನಾಯಕಿ ರೋಹಿಣಿಗೆ ತುಂಬಿದಳು, ಗೋಲ್‌ಕೀಪರ್ ಜೋಹರಾಗೂ ತುಂಬಿದಳು. ಟೆಂಪೋ ಹೊರಟಾಗ ಇಡೀ ತಂಡ ಕೊಬ್ಬರಿ ಬೆಲ್ಲ ಕಟಕಟ ಕಡಿಯುತ್ತಿತ್ತು.

"ಉಗುಳ್ರಿ! ಬಾಳಿಹಣ್ಣ ತಿನ್ರಿ!" ಎಂದು ನಾಗಲಿಂಗ ಚೀಲ ಬಿಚ್ಚಿದ. ತುಪ್ಪದ ಘಮ ಟೆಂಪೋ ತುಂಬಿತು. ಅವನು ಚೀಲ ಮುಚ್ಚುವಷ್ಟರಲ್ಲಿ ಹೋಳಿಗೆ ಹಿಂದಿನ ಸೀಟು ಮುಟ್ಟಿದ್ದವು. ಅಮೀನಗಡದಲ್ಲಿ ಕಿಟಕಿ ಹಾಕಿಸಿದ. ಆದರೂ ಯಾವ ಮಾಯದಲ್ಲೋ ಆ ಊರಿನ ಹೆಸರಾಂತ ಸಿಹಿ ಕರದಂಟು ಒಳಗೆ ಬಂದಿತ್ತು.

ಶಿರೂರಿನಲ್ಲಿ ಮಾತ್ರ ಅವನ ಧೈರ್ಯವೇ ಉಡುಗಿತು. ರಸ್ತೆಯ ನಟ್ಟನಡುವೆ ನಿಂತಿದ್ದವಳು ಸ್ವಂತ ಅತ್ತೆ ಬನಶಂಕರವ್ವ.

"ಅತ್ತೀ, ನಾಕು ಗಂಟೆಕ್ಕ ಆಟ ಐತ್ರಿ..."

"ಅಳಿಯಂದಿರು ಮನಿ ಮುಂದ ಹಾದು ಹೋಗಿ ಒಳಗ ಬರಲಿಲ್ಲ ಅಂದ್ರ ಊರಾಗ ನಾ ಮಾರಿ ತೋರಸೂದು ಹ್ಯಾಂಗ್ರಿ?"

ಅಂಗಳದಲ್ಲಿ ಎಲೆ ಹಾಕಿಯಾಗಿತ್ತು. ಹೋಳಿಗೆ, ಅದರ ಮೇಲೆ ತುಪ್ಪ, ಕಟ್ಟಿನ ಸಾರು, ಬದನೆಕಾಯಿ ಎಣಗಾಯಿ, ಮೇಲೆ ಮೊಸರನ್ನ. ಕೊಟ್ಟ ಮಾತಿಗೆ ಕಟ್ಟುಬಿದ್ದು ನಾಗಲಿಂಗ ಎಲೆಯ ಮುಂದೆ ಕೈಕಟ್ಟಿ ಕೂತ. ಅತ್ತೆಗೆ ಸಿಟ್ಟು ಬಂತು. "ಅಳಿಯಾ ಮುಟ್ಟಲಿಲ್ಲ ಅಂದ್ರ ಬಿಡವಲ್ರಾಕ, ಅವರ ಪಾಲೂ ನೀವ ಉಣ್ರೆವಾ," ಎಂದು ಹುಡುಗಿಯರಿಗೆ ಎರಡನೆಯ ಸುತ್ತು ಬಡಿಸಿದಳು. ಬೇಡ ಎಂದವರಿಗೆ ಆಣೆ ಹಾಕಿ ಬಡಿಸಿದಳು.

ಬಾಗಲಕೋಟೆಯ ಮೈದಾನದಲ್ಲಿ ಬಾದಾಮಿ ತಂಡದ ಹುಡುಗಿಯರು ಜಿಂಕೆಗಳ ಹಾಗೆ ಜಿಗಿದಾಡುತ್ತಿದ್ದರು. ಅವರ ಕೋಚ್ ಅಫ್ಸರ, ನಾಗಲಿಂಗನ ಜೊತೆ ಗೋವಾದಲ್ಲಿ ಒಂದೇ ಕೋಣೆಯಲ್ಲಿದ್ದವನು. ಗೋಲು ಹೊಡೆದು ಹೆಸರು ಮಾಡಿದವನು. ಇಳಕಲ್ಲಿನ ಹುಡುಗಿಯರು ಟೆಂಪೋದಿಂದ ಒಬ್ಬೊಬ್ಬರಾಗಿ ಬಾಗಿಲು ಹಿಡಿದು ಇಳಿಯುವುದನ್ನು ಕಂಡು, "ಲೇ ನಾಗ್ಯಾ, ಮ್ಯಾಚಿಗೆ ಬಂದೀಯೋ ಮದುವಿ ಉಂಡು ಬಂದೀಯೋ?" ಎಂದು ನಕ್ಕ.

ಆಟ ಶುರುವಾಯಿತು. ರೋಹಿಣಿ ಚೆಂಡಿನ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಂತಳು. "ಸರ್, ಓಡಿದ್ರ ಹೋಳಿಗಿ ಗಂಟಲಿಗೆ ಬರಾಕತ್ತೈತ್ರಿ!"

ನಾಗಲಿಂಗನ ಕಣ್ಣ ಮುಂದೆ ಶಂಕ್ರಪ್ಪನ ಗ್ರಾನೈಟ್ ಕಲ್ಲುಗಳು ಸಾಲಾಗಿ ಬಂದು ಕೂತವು. ಹೋಯಿತು, ಎಲ್ಲ ಹೋಯಿತು ಎಂದುಕೊಂಡ. ಆಗ ಅವನೊಳಗಿನ ಹಳೆಯ ಡಿಫೆಂಡರ್ ಎದ್ದು ಕೂತ. ಓಡಲು ಬಾರದಿದ್ದರೆ ಬೇಡ, ನಿಲ್ಲಲು ಬರುತ್ತದಲ್ಲ!

"ಯಾರೂ ಓಡಬ್ಯಾಡ್ರಿ! ಎಲ್ಲಾರೂ ಹಿಂದ ಬರ್ರಿ! ನಾ ತೋರಿಸಿದ ಜಾಗಾದಾಗ ನಿಂದರ್ರಿ, ಅಲ್ಲಾಡಬ್ಯಾಡ್ರಿ!"

ಹುಡುಗಿಯರು ಹಿಂದೆ ಬಂದು ಗೋಲಿನ ಮುಂದೆ ನಿಂತರು. ಎಲ್ಲಿ ನಿಂತರೆ ದಾರಿ ಮುಚ್ಚುತ್ತದೆ ಎಂದು ಅವನು ವರ್ಷವಿಡೀ ಸುಣ್ಣದ ಗೆರೆ ಎಳೆದು ಕಲಿಸಿದ್ದ. ಬಾದಾಮಿಯವರು ಎಡದಿಂದ ಬಂದರು, ಬಲದಿಂದ ಬಂದರು, ಮೇಲಿಂದ ಹಾರಿಸಿದರು. ಎಲ್ಲಿ ಚೆಂಡು ಬಂದರೂ ಅಲ್ಲೊಂದು ನೀಲಿ ಜೆರ್ಸಿ ಇತ್ತು. ಗೋಲಿನ ಗೆರೆಯನ್ನು ಚೆಂಡು ದಾಟಲೇ ಇಲ್ಲ. ನಾಗಲಿಂಗನ ಕಣ್ಣು ತುಂಬಿ ಬಂದವು. ತಾನು ಆಯುಷ್ಯವೆಲ್ಲ ಮಾಡಿದ ಕೆಲಸ ಹೊರಗೆ ನಿಂತು ನೋಡಿದರೆ ಇಷ್ಟು ಚೆಂದ ಕಾಣುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ. ಆ ಹುಡುಗಿಯರ ಬಗ್ಗೆ ಅವನಿಗೆ ಹೆಮ್ಮೆಯೆನಿಸಿತು, ತನ್ನ ಬಗ್ಗೆಯೂ.

ಇಬ್ಬರಿಗೂ ಗೋಲಿಲ್ಲದೆ ಆಟ ಮುಗಿದು ಪೆನಾಲ್ಟಿಗೆ ಬಂತು. ಪೆನಾಲ್ಟಿಗೆ ಓಡುವ ಗೊಡವೆಯಿಲ್ಲ. ಇಳಕಲ್ಲಿನವರು ನಿಂತ ಜಾಗದಿಂದಲೇ ಹೊಡೆದು ಹೊಡೆದು ಗೋಲು ಮಾಡಿದರು. ಬಾದಾಮಿಯವರೂ ಬಿಡಲಿಲ್ಲ. ಕೊನೆಯ ಹೊಡೆತ ಬಾದಾಮಿಯದು. ಗೋಲ್‌ಕೀಪರ್ ಆ ಕಡೆಗೋ ಈ ಕಡೆಗೋ ಜಿಗಿದೇ ಜಿಗಿಯುತ್ತಾಳೆಂದು ಆ ಹುಡುಗಿ ನೆಟ್ಟಗೆ ನಡುವಿಗೆ ಬಾರಿಸಿದಳು. ಜೋಹರಾ ಜಿಗಿಯಲಿಲ್ಲ. ಚೆಂಡು ಅವಳ ಹೊಟ್ಟೆಗೆ ದಪ್ಪನೆ ಬಡಿದು, ಬಂದ ದಾರಿಯಲ್ಲೇ ವಾಪಸು ಹೋಯಿತು.

ಇಳಕಲ್ ಗೆದ್ದಿತು!

ಅಫ್ಸರ ಬಂದು ತಬ್ಬಿಕೊಂಡ. "ಹೊಟ್ಟಿ ತುಂಬಿದವ್ರೆಲ್ಲಾ ಹಿಂಗ ನಿಲ್ಲಾಕ ಬರಂಗಿಲ್ಲಲೇ ನಾಗ್ಯಾ. ಇದು ನಿನ್ನ ಆಟ. ನನಗ ಗೊತ್ತಾತು." ಇಡೀ ಜಿಲ್ಲೆಯಲ್ಲಿ ಅದನ್ನು ಅರಿತವನು ಅವನೊಬ್ಬನೇ. ಅವನೋ ಬಾದಾಮಿಯವನು.

ಇಳಕಲ್ಲಿನಲ್ಲಿ ಸಂಜೆ ಹಲಗೆ ಬಾರಿಸಿ ಸ್ವಾಗತ ಮಾಡಿದರು. ವಾಪಸು ಬರುವಾಗ ಶಿರೂರಿನಲ್ಲಿ ಟೆಂಪೋ ಹತ್ತಿದ್ದ ಬನಶಂಕರವ್ವನೂ ಜೊತೆಗಿದ್ದಳು. ವೇದಿಕೆಯ ಮೇಲೆ ಶಂಕ್ರಪ್ಪ ಶಾಲು ಹಿಡಿದು ನಿಂತರು. ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದ ನಾಗಲಿಂಗ ತಲೆ ಬಾಚಿಕೊಂಡು, ಹೇಳಬೇಕಾದ ಭಾಷಣವನ್ನು ಮನಸ್ಸಿನಲ್ಲೇ ಹೊಂದಿಸುತ್ತ ಮೆಟ್ಟಿಲ ಬಳಿ ಕಾದ.

"ಮದಲ ನಮ್ಮ ಜೋಹರಾ ಹೇಳ್ಲಿ," ಎಂದರು ಶಂಕ್ರಪ್ಪ. "ಆ ಕೊನೀ ಚೆಂಡು ಹ್ಯಾಂಗ ತಡದ್ಯವಾ? ಕೋಚ್ ಏನು ಹೇಳಿದ್ರು?"

ಜೋಹರಾ ಸುಳ್ಳು ಹೇಳುವ ಹುಡುಗಿಯಲ್ಲ. "ಸರ್ ಜಿಗಿ ಜಿಗಿ ಅಂತ ಒದರಿದ್ರಿ. ಖರೆ ಹೊಟ್ಟ್ಯಾಗ ಜಯಶ್ರೀ ಅಕ್ಕಾರ ಹೋಳಿಗಿ ಇತ್ರಿ, ಜಿಗ್ಯಾಕ ಆಗಲಿಲ್ರಿ. ಅದಕ್ಕ ನಿಂತಲ್ಲೇ ನಿಂತ್ನಿ."

ಮೈದಾನದ ತುಂಬ ಸಿಳ್ಳೆ, ಚಪ್ಪಾಳೆ. ಶಂಕ್ರಪ್ಪ ವ್ಯಾಪಾರಸ್ಥರು, ಲಾಭ ಎಲ್ಲಿಂದ ಬಂತೆಂದು ಹುಡುಕುವುದು ಅವರಿಗೆ ರೂಢಿ. "ಮತ್ತ ಗೆಲ್ಲಿಸಿದವ್ರು ಯಾರು ಅಂದಂಗಾತು? ಬಾರವಾ ಜಯಶ್ರೀ!" ಎಂದು ಕರೆದು, ಮನೆಯಿಂದ ಕೆಂಪು ಸೆರಗಿನ ಇಳಕಲ್ ಸೀರೆ ತರಿಸಿ ಕೊಟ್ಟರು. "ಇವತ್ತಿನಿಂದ ನಮ್ಮ ತಂಡಕ್ಕ ಜಯಶ್ರೀನ ಕಾಯಂ ಕೋಚ್! ಮೈದಾನ ತಂಡಕ್ಕ ಬಿಟ್ಟೇನಿ. ನಾಗಲಿಂಗಾ, ನೀ ಅಸಿಸ್ಟೆಂಟ್. ಡಬ್ಬಿ ಹೊರಾಕ ಒಬ್ಬರು ಬೇಕಲ್ಲ." ಉಳಿದ ಶಾಲು ಬನಶಂಕರವ್ವನ ಹೆಗಲೇರಿತು.

ನಾಗಲಿಂಗ ಕೆಳಗೆ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಮೈದಾನ ಉಳಿಯಿತು, ಹುಡುಗಿಯರು ಗೆದ್ದರು. ಡಿಫೆಂಡರ್ ಆದವನಿಗೆ ಹೆಸರಿಲ್ಲದೆ ಗೆದ್ದು ಅಭ್ಯಾಸವಿತ್ತು. ಹೊಟ್ಟೆಗೆ ಮಾತ್ರ ಆ ಅಭ್ಯಾಸವಿರಲಿಲ್ಲ.

ಮನೆಗೆ ಬಂದವನೇ, "ಜಯಾ, ಒಂದಾದ್ರೂ ಹೋಳಿಗಿ ಉಳದೈತೇನ?" ಎಂದು ಕೇಳಿದ.

"ಎಲ್ಲೀದ್ರಿ? ಗೆದ್ದ ಹೋಳಿಗಿ ಅಂತ ಓಣಿ ಮಂದಿ ಬಂದು ಡಬ್ಬಿ ಬಳದು ಒಯ್ದ್ರು," ಎಂದು ಹೊಸ ಕೋಚ್ ಸೀರೆಯ ಸೆರಗು ನೋಡಿಕೊಳ್ಳುತ್ತ ಹೇಳಿದಳು. ಆಮೇಲೆ ಕಟ್ಟೆಯ ಮೂಲೆಯಿಂದ ಒಂದು ಪರಾತ ತಂದು ಅವನ ಮುಂದಿಟ್ಟಳು. ಬೆಳಗಿನ ಬಾಳೆಹಣ್ಣು, ಸೆಕೆಗೆ ಕಪ್ಪು ಚುಕ್ಕೆ ಎದ್ದಿದ್ದವು. "ಹುಡುಗ್ಯಾರ ಮುಂದ ಮಾತು ಕೊಟ್ಟೀರಿ, ನಾ ಕೇಳೇನಿ."

ನಾಗಲಿಂಗ ಒಂದು ಹಣ್ಣು ಸುಲಿದ. ಯಾರು ಏನೇ ಅನ್ನಲಿ, ಅಂದು ಅವನ ಬಾಯಿಗೆ ಬಾಳೆಹಣ್ಣು ಬಿಟ್ಟು ಬೇರೇನೂ ಹೋಗಲಿಲ್ಲ.