ಚಿಕ್ಕಮ್ಮನ ನಾಲ್ಕು ಹಸುಗಳು

ಇಪ್ಪತ್ತನಾಲ್ಕು ವರ್ಷಗಳಿಂದ ಹೊಸಕೋಟೆಯ ನರ್ಸಿಂಗ್ ಹೋಮೊಂದರಲ್ಲಿ ಸುತ್ತಲ ಹಳ್ಳಿಗಳ ಅರ್ಧ ಜನಕ್ಕೆ ಸೂಜಿ ಚುಚ್ಚಿರುವ ನಮ್ಮ ಚಿಕ್ಕಮ್ಮನಿಗೆ ಭಯವೆಂಬುದೇ ಗೊತ್ತಿಲ್ಲ ಎಂದು ಊರಿಡೀ ನಂಬಿದೆ. ನಂಬಲಿ ಬಿಡಿ! ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹೊರದೇಶದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಬರೆದು ಬಂದವಳು ಫಲಿತಾಂಶ ಬರುವ ತನಕದ ಎರಡು ದಿನ ಏನೇನು ಮಾಡಿದಳು ಎಂಬುದಕ್ಕೆ ನಾನೇ ಸಾಕ್ಷಿ, ನಾನೇ ಬಲಿಪಶು.

ನಲವತ್ತಾರನೇ ವಯಸ್ಸಿನಲ್ಲಿ ಈ ಪರೀಕ್ಷೆ ಏಕೆ ಎನ್ನುತ್ತೀರಾ? ನಾವೂ ಕೇಳಿದೆವು. ಅವಳ ವಾರ್ಡಿನ ಮೂವರು ಹುಡುಗಿಯರು ಅದಕ್ಕೆ ಓದುತ್ತಿದ್ದರು. ಅನುಮಾನ ಬಂದಾಗಲೆಲ್ಲ ಇವಳ ಹತ್ತಿರವೇ ಓಡಿ ಬರುತ್ತಿದ್ದರು. "ಹೇಳ್ಕೊಡೋಳು ನಾನು, ಪಾಸಾಗಿ ವಿಮಾನ ಹತ್ತೋರು ಅವರಾ?" ಎಂದು ಒಂದು ದಿನ ಇವಳೂ ಅರ್ಜಿ ಹಾಕಿಬಿಟ್ಟಳು. ಸೊಪ್ಪು ಬೆಳೆದು ಹೊಸಕೋಟೆ ಮಾರುಕಟ್ಟೆಗೆ ಹಾಕುವ ಚಿಕ್ಕಪ್ಪ ಅದಕ್ಕೆ "ಹೂಂ" ಅಂದರು. ಅದು ಒಪ್ಪಿಗೆಯ ಹೂಂ ಹೌದೋ ಅಲ್ಲವೋ, ಬಿಡಿಸಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಪರೀಕ್ಷೆಯ ದಿನ ನಾನು ರಜೆ ಹಾಕಿ ಅವಳ ಜೊತೆ ಬೆಂಗಳೂರಿಗೆ ಹೋದೆ. ಈ ಪರೀಕ್ಷೆಯಲ್ಲಿ ಒಂದು ವಿಚಿತ್ರವಿದೆ. ಎಲ್ಲರಿಗೂ ಒಂದೇ ಸಂಖ್ಯೆಯ ಪ್ರಶ್ನೆ ಬರುವುದಿಲ್ಲ. ಸಾಕು ಅನ್ನಿಸಿದಾಗ ಕಂಪ್ಯೂಟರೇ ನಿಂತುಬಿಡುತ್ತದೆ. ಪಾಸಾದರೂ ನಿಲ್ಲುತ್ತದೆ, ಫೇಲಾದರೂ ನಿಲ್ಲುತ್ತದೆ! ಚಿಕ್ಕಮ್ಮ ಹೊರಗೆ ಬಂದಾಗ ಮುಖ ಕೆಂಪಗಾಗಿತ್ತು.

"ಅರ್ಧದಲ್ಲೇ ಬಾಯಿ ಮುಚ್ಚಿಸಿಬಿಡ್ತು ಕಣೇ!"

ನಮ್ಮ ವಂಶದಲ್ಲಿ ಯಾರಿಂದಲೂ ಆಗದ ಕೆಲಸವನ್ನು ಮಾಡಿದ ಆ ಯಂತ್ರಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಮಾರನೆಯ ಬೆಳಿಗ್ಗೆ ಅವಳು ಹಾಲು ಹಾಕಲು ಡೈರಿಗೆ ಹೊರಟಳು. ಒಂದು ಪ್ರಶ್ನೆ ಅವಳ ತಲೆಯಲ್ಲಿ ಕೊರೆಯುತ್ತಿತ್ತು. ನಾಲ್ವರು ರೋಗಿಗಳಲ್ಲಿ ಮೊದಲು ಯಾರನ್ನು ನೋಡಬೇಕು? ಯಾರಿಗಾದರೂ ಹೇಳಿಕೊಳ್ಳದಿದ್ದರೆ ಅವಳ ಎದೆ ಒಡೆದು ಹೋಗುತ್ತಿತ್ತು. ಆದರೆ ಪ್ರಶ್ನೆಯನ್ನು ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಿ ಬಂದಿದ್ದಾಳಲ್ಲ! ಅದಕ್ಕೆ ಅವಳು ಮಾಡಿದ ಉಪಾಯ ಕೇಳಿ: ರೋಗಿಗಳನ್ನೆಲ್ಲ ಹಸು ಮಾಡಿಬಿಟ್ಟಳು.

"ನಾಲ್ಕು ಹಸು ಇವೆ ಅನ್ಕೊಳ್ಳಿ," ಎಂದು ಸಾಲಿನಲ್ಲಿ ನಿಂತವರಿಗೆ ಕೇಳಿದಳು. "ಒಂದು ಕಾಲು ಮುರ್ಕೊಂಡು ಅರಚ್ತಿದೆ. ಒಂದಕ್ಕೆ ಜ್ವರ. ಒಂದು ಹತ್ರ ಹೋದ್ರೆ ಒದೆಯುತ್ತೆ. ಇನ್ನೊಂದು ನಿನ್ನೆ ಕರು ಹಾಕಿದೆ, ಬೆಳಿಗ್ಗೆ ಚೆನ್ನಾಗಿತ್ತು, ಈಗ ಸುಮ್ನೆ ಮಲಗ್ಬಿಟ್ಟಿದೆ, ಕಿವಿ ತಣ್ಣಗಿದೆ. ಮೊದಲು ಯಾವುದನ್ನ ನೋಡ್ತೀರಾ?"

"ಒದೆಯೋದನ್ನ ಮಾರಾಕ್ಬುಡಿ ಅಕ್ಕಾ," ಎಂದ ಒಬ್ಬ.

"ಅರಚೋದಕ್ಕೆ ಮೊದ್ಲು ಹಿಂಡಿ ಇಕ್ರವ್ವಾ, ಪಾಪ!" ಎಂದಿತು ಒಂದು ಅಜ್ಜಿ.

ಡೈರಿ ಸೆಕ್ರೆಟರಿ ಹಾಲು ಅಳೆಯುವುದನ್ನೇ ನಿಲ್ಲಿಸಿ ಯೋಚಿಸತೊಡಗಿದ. ಹಾಲಿನ ಗಾಡಿಯವನು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ, ಕೊನೆಗೆ ತಾನೂ ಇಳಿದು ಬಂದು ಒಂದು ಉತ್ತರ ಹೇಳಿದ.

ಸಂಜೆ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಪಶುವೈದ್ಯರು! ಕೈಯಲ್ಲಿ ದಪ್ಪ ಚೀಲ, ಮುಖದಲ್ಲಿ ಗಾಬರಿ.

"ನಾಲ್ಕು ಹಸು ಸೀರಿಯಸ್ ಅಂತಲ್ಲಮ್ಮ, ಎಲ್ಲಿವೆ? ಕರು ಹಾಕಿರೋದನ್ನ ಮೊದಲು ತೋರ್ಸಿ!"

ಮನೆಯಲ್ಲಿದ್ದ ಒಂದೇ ಒಂದು ಹಸು ಕೊಟ್ಟಿಗೆಯಲ್ಲಿ ಗುಂಡುಕಲ್ಲಿನಂತೆ ನಿಂತು ಮೆಲುಕು ಹಾಕುತ್ತಿತ್ತು. ಚಿಕ್ಕಮ್ಮ ಕ್ಷಮೆ ಕೇಳಿದಳೇ? ಇಲ್ಲ! "ಕರು ಹಾಕಿರೋದನ್ನೇ ಮೊದಲು ಅಂದ್ರಲ್ಲ ಸಾರ್? ನಾನೂ ಅದನ್ನೇ ಒತ್ತಿದ್ದು!" ಎಂದು ಕುಣಿದು, ಅವರನ್ನು ಕೂರಿಸಿ ಎರಡು ಲೋಟ ಕಾಫಿ ಕುಡಿಸಿದಳು. ಯಾವುದನ್ನು, ಎಲ್ಲಿ ಒತ್ತಿದ್ದು ಎಂದು ಆ ಪುಣ್ಯಾತ್ಮರಿಗೆ ಇವತ್ತಿಗೂ ತಿಳಿದಿಲ್ಲ.

ಎರಡನೆಯ ದಿನ ಬಿ.ಪಿ. ಯಂತ್ರ ಹೊರಗೆ ಬಂತು. "ನನಗೆ ಎದೆ ಹೊಡ್ಕೋತಿದೆ" ಎಂದು ತನ್ನದನ್ನು ನೋಡಿಕೊಂಡಳು, ನಮ್ಮೆಲ್ಲರದನ್ನೂ ನೋಡಿದಳು. ಮನೆಮಂದಿಗೆಲ್ಲ ಏರಿತ್ತು. ಅವಳದು ಮಾತ್ರ ಪುಸ್ತಕದಲ್ಲಿ ಬರೆದಿಟ್ಟ ಹಾಗೆ ನೂರಿಪ್ಪತ್ತು-ಎಂಬತ್ತು!

ಆಮೇಲೆ ಫೋನನ್ನು ನನ್ನ ಕೈಗೆ ತುರುಕಿದಳು. "ಬಚ್ಚಿಡು. ನಾನು ಕಾಲು ಹಿಡಿದು ಕೇಳಿದ್ರೂ ಕೊಡ್ಬೇಡ."

ಹತ್ತು ನಿಮಿಷವೂ ಆಗಿರಲಿಲ್ಲ. "ಕೊಡೇ ಫೋನು!"

"ಕೊಡ್ಬೇಡ ಅಂತ ನೀನೇ ಹೇಳಿದ್ಯಲ್ಲ ಚಿಕ್ಕಮ್ಮ?"

"ಕಾಲು ಹಿಡಿದ್ರೆ ಕೊಡ್ಬೇಡ ಅಂದೆ. ಈಗ ನಿಂತ್ಕೊಂಡು ಕೇಳ್ತಿದ್ದೀನಿ!"

ಇಂಥ ವಕೀಲಿಕೆಗೆ ಏನು ಹೇಳುತ್ತೀರಿ? ಕೊಟ್ಟೆ. ಫಲಿತಾಂಶದ ಪುಟ ತೆರೆದದ್ದೇ ಅವಳು ಕಣ್ಣು ಮುಚ್ಚಿಕೊಂಡು, "ನೀನೇ ಓದು, ಬೇಡ, ಓದು, ತಡಿ, ಓದೇ!" ಎಂದಳು. ನಾನು ಓದಿದೆ.

"ಪಾಸು!"

ಅವಳು ಹಾಕಿದ ಕೂಗಿಗೆ ಕೊಟ್ಟಿಗೆಯ ಹಸು ಹಗ್ಗ ಜಗ್ಗಿತು. ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು, ಡಬ್ಬಿಯಲ್ಲಿದ್ದ ಸಕ್ಕರೆಯನ್ನು ಹಿಡಿ ಹಿಡಿ ಎಲ್ಲರ ಬಾಯಿಗೆ ತುಂಬಿದಳು, ಮೂವರು ಹುಡುಗಿಯರಿಗೂ ಫೋನಿನಲ್ಲಿ "ನಿಮ್ಮ ಅಕ್ಕ ಗೆದ್ಲು ಕಣ್ರೇ!" ಎಂದು ಕಿರುಚಿದಳು.

ಈ ಗದ್ದಲದಲ್ಲಿ ಚಿಕ್ಕಪ್ಪ ಎದ್ದು ಒಳಗೆ ಹೋದರು. ಚಿಕ್ಕಮ್ಮನ ಕೈ ಸಕ್ಕರೆ ಡಬ್ಬಿಯ ಮೇಲೆ ನಿಂತಿತು. "ನೋಡಿದ್ಯಾ," ಎಂದಳು ನನ್ನ ಕಡೆ ತಿರುಗಿ, ಮೆಲ್ಲಗೆ. "ಕಳಿಸೋಕೆ ಇಷ್ಟ ಇಲ್ಲ. ಬಾಯಿ ಬಿಟ್ಟು ಹೇಳೋದೂ ಇಲ್ಲ."

ಸ್ವಲ್ಪ ಹೊತ್ತಿಗೆ ಅವರು ಹೊರಗೆ ಬಂದರು. ಮದುವೆಗಳಿಗೆ ಮಾತ್ರ ಹಾಕುವ ಬಿಳಿ ಶರಟು, ನೀರು ಹಚ್ಚಿ ಬಾಚಿದ ತಲೆ, ಮುಖಕ್ಕೆ ಧಾರಾಳವಾಗಿ ಪೌಡರು.

"ಎಲ್ಲಿಗ್ರೀ?"

"ಸ್ಟುಡಿಯೋಗೆ," ಎಂದರು ಚಿಕ್ಕಪ್ಪ, ಚಪ್ಪಲಿ ಹುಡುಕುತ್ತ. "ಪಾಸ್‌ಪೋರ್ಟ್‌ಗೆ ಫೋಟೋ ಬೇಕಂತಲ್ಲ. ನೀನು ಅಲ್ಲಿ ಡ್ಯೂಟಿಯಿಂದ ಸುಸ್ತಾಗಿ ಬಂದ್ರೆ, ಒಂದು ಸೊಪ್ಪಿನ ಸಾರು ಮಾಡಿಕೊಡೋರು ಯಾರವ್ರೆ ಆ ಊರಲ್ಲಿ?"

ಚಿಕ್ಕಮ್ಮ ಡಬ್ಬಿಯನ್ನು ಕೆಳಗಿಟ್ಟಳು. ಹತ್ತಿರ ಹೋಗಿ, ಅವರ ಕಿವಿಯ ಹಿಂದೆ ಮೆತ್ತಿಕೊಂಡಿದ್ದ ಪೌಡರನ್ನು ಸೆರಗಿನಿಂದ ಒರೆಸಿದಳು. ಅದು ಹೋದ ಮೇಲೂ ಬಹಳ ಹೊತ್ತು ಒರೆಸುತ್ತಲೇ ಇದ್ದಳು.