ಜುವಾಕಿಂ ಅಮೆರಿಕಕ್ಕೆ ಹೊರಟ ಕಾರಣ

ಎಲ್ಲದಕ್ಕೂ ಮೂಲ ಒಂದು ಕಾಗದ. ಬರ್ ದುಬೈಯ ಹೋಟೆಲೊಂದರ ಹಿರಿಯ ವೇಟರ್ ಜುವಾಕಿಂ ಅದನ್ನು ಗ್ರೇವಿ ಪಾತ್ರೆಯ ಅಂಚಿಗೆ ಒರಗಿಸಿ ಬಾಯಿಪಾಠ ಮಾಡುತ್ತಿದ್ದ. ಒಂದು ಸಲ ಸೀನಿ ಕಣ್ಣು ಬಿಡುವಷ್ಟರಲ್ಲಿ ಕಾಗದ ಗ್ರೇವಿಯೊಳಗೆ ನೀರುದೋಸೆಯಂತೆ ಮಲಗಿತ್ತು.

ಅಂದು ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ. ಹಿಂದೆ ಯುರೋಪಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮೊದಮೊದಲಿನವರಲ್ಲಿ ಒಬ್ಬನ ವೇಷ ಹಾಕಿ, ತಾನು ಊರು ಬಿಟ್ಟದ್ದು ಯಾಕೆಂದು ಜುವಾಕಿಂ ಗಿರಾಕಿಗಳಿಗೆ ಹೇಳಬೇಕಿತ್ತು. ಅದು ಮ್ಯಾನೇಜರ್ ಲಾಯ್ಡ್‌ನ ಹುರುಪು; ಹೇಳಬೇಕಾದ ಮಾತನ್ನೆಲ್ಲ ಆ ಕಾಗದದಲ್ಲಿ ಬರೆದುಕೊಟ್ಟದ್ದೂ ಅವನೇ.

"ಗೆಸ್ಟ್‌ಗಳಿಗೆ ಖುಷಿಯಾದ್ರೆ ನಿಮ್ಮ ರಜೆಗೆ ಇವತ್ತೇ ಸೈನ್ ಹಾಕ್ತೇನೆ, ಅಂಕಲ್," ಎಂದಿದ್ದ ಲಾಯ್ಡ್. ಕ್ರಿಸ್‌ಮಸ್ ಕಳೆದ ಮೂರನೆಯ ದಿನ ಊರಲ್ಲಿ ಮಗಳು ಜೋಯ್ಲಿನಳ ಮದುವೆ. ಅಪ್ಪನೇ ಇಲ್ಲದಿದ್ದರೆ ಹೇಗೆ?

"ಹೆದ್ರುದೆಂತಕ್ಕೆ ಜುವಾಕಿಮಣ್ಣ?" ಎಂದ ಕ್ಯಾಶಿಯರ್ ಧರ್ಮಪಾಲ. "ಜನ ಊರು ಬಿಡುದು ಯಾಕೆ? ಜಾಗ ಪಾಲಾಗಿ ಕಡೇ ತಮ್ಮನಿಗೆ ಬಾವಿಕಟ್ಟೆ ಮಾತ್ರ ಉಳೀತದೆ. ಅದನ್ನೇ ಹೇಳಿ."

"ಅಲ್ಲ ಮಾರಾಯ್ರೇ, ಏಜೆಂಟ್!" ಅಡುಗೆಯ ಅಹ್ಮದ್ ಕುಂಞಿ ಸೌಟು ಎತ್ತಿದ. "ಅಲ್ಲಿ ಚಿನ್ನ ಬಿದ್ದುಂಟು ಅಂತ ಹಡಗು ಹತ್ತಿಸ್ತಾನೆ. ಹೋಗಿ ನೋಡಿದ್ರೆ ಬರೀ ಮರಳು, ಹೊಯ್ಗೆ!"

"ಯಲ್ಲಾ, ಯಲ್ಲಾ, ಬೇಗ!" ಎಂದು ಲಾಯ್ಡ್ ಜುವಾಕಿಮನನ್ನು ಗಿರಾಕಿಗಳತ್ತ ದೂಡಿದ. ತಲೆಯ ಮೇಲೆ ಅಕ್ಕಿ ಅಳೆಯುವ ಸೇರನ್ನು ಬೋರಲು ಹಾಕಿದಂಥ ಕರಿ ಟೋಪಿ.

ಮೊದಲ ಮೇಜಿನಲ್ಲೇ ಒಬ್ಬ ಬೆಳ್ಳಿಕೂದಲಿನ ಅಮೆರಿಕದ ಅಜ್ಜಿ. "ನೀನು ಯಾಕಪ್ಪ ಹೊರಟೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಕಾಗದದಲ್ಲಿದ್ದ ಒಂದೇ ಒಂದು ಸಾಲು ಜುವಾಕಿಮನಿಗೆ ನೆನಪಿತ್ತು. "ರಾಜ ತನ್ನ ಇಗರ್ಜಿಯಲ್ಲೇ ಪ್ರಾರ್ಥನೆ ಮಾಡು ಅಂದ, ನಾನು ಒಪ್ಪಲಿಲ್ಲ ಮೇಡಂ," ಎಂದ. ಮುಂದಿನದ್ದು ತಾನಾಗಿ ಬಂತು. "ಜಾಗ ಅಣ್ಣನಿಗೆ ಹೋಯ್ತು. ಏಜೆಂಟ್ ಬಂದು ಆಸೆ ಹುಟ್ಟಿಸಿದ. ಟಿಕೆಟ್ ಧಣಿ ಕೊಟ್ಟ. ಅದಕ್ಕೆ ಏಳು ವರ್ಷ ಅವನಲ್ಲೇ ದುಡೀಬೇಕು."

"ಮತ್ತೆ ವಾಪಸ್ ಹೋಗಲಿಲ್ಲವೆ?"

"ರಜೆ ಸಿಗಲಿಲ್ಲ ಮೇಡಂ."

ಅಜ್ಜಿ ನಕ್ಕು ನಕ್ಕು ಕಣ್ಣೊರಸಿಕೊಂಡು ಎದ್ದು ನಿಂತಳು. "ನಲವತ್ತು ವರ್ಷ ಶಾಲೆಯಲ್ಲಿ ಇದನ್ನೇ ಕಲಿಸಿದ್ದೇನೆ. ಇಷ್ಟು ಸರಿಯಾಗಿ ಒಬ್ಬನೂ ಉತ್ತರ ಕೊಟ್ಟಿಲ್ಲ! ಈ ಮನುಷ್ಯನಿಗೆ ಏನಾದರೂ ಬಹುಮಾನ ಕೊಡಿ!" ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು.

ಸಂಜೆ ಲಾಯ್ಡ್ ಬಂದು ಅಪ್ಪಿಕೊಂಡ. "ಅಂಕಲ್, ದೊಡ್ಡ ಸಾಹೇಬ್ರೇ ಆರ್ಡರ್ ಮಾಡಿದ್ದಾರೆ. ಇವತ್ತಿಂದ ನೀವು ವೇಟರ್‌ಗಳ ಕ್ಯಾಪ್ಟನ್!"

"ಸಂತೋಷ ಸರ್. ರಜೆ?"

ಲಾಯ್ಡ್ ಟೈ ಸರಿಮಾಡಿಕೊಂಡ. "ಹೊಸ ಪೋಸ್ಟಿಗೆ ಆರು ತಿಂಗಳು ಪ್ರೊಬೇಶನ್ ಉಂಟಲ್ಲ ಅಂಕಲ್. ಅಲ್ಲಿವರೆಗೆ ರಜೆ ಮಾಫಿ, ಇಲ್ಲವೇ ಇಲ್ಲ."

"ನನಗೆ ವೇಟರೇ ಸಾಕು ಸರ್!"

"ಖಲಾಸ್, ಲೆಟರ್ ಹೋಯ್ತು."

ಅಷ್ಟರಲ್ಲಿ ಫೋನ್ ಬಂತು. ಧರ್ಮಪಾಲ ಆಗಲೇ ಸುದ್ದಿಯನ್ನು ಊರಿಗೆ ಮುಟ್ಟಿಸಿದ್ದ. ಹೆಂಡತಿ ಲಿಡ್ವಿನ್‌ಳ ದನಿ ಆಚೆಮನೆಗೂ ಕೇಳುವಂತಿತ್ತು:

"ಕ್ಯಾಪ್ಟನ್ ಆದ್ರಂತೆ! ನಾನು ನಮ್ಮ ಇಗರ್ಜಿಯ ವಾಡೆಯವರಿಗೆಲ್ಲ ಹೇಳಿ ಆಯ್ತು. ಇನ್ನು ರಜೆಗೆ ಯಾರ ಕೈಕಾಲು ಹಿಡಿಯುದೂ ಬೇಡ, ಅಲ್ವಾ?"