ವಿಲೇವಾರಿಯಾಗದ ಚಡ್ಡಿ

ಮಾವನವರಿಗೆ ಫಾರಿನ್ ಚಡ್ಡಿ ತೊಡಿಸಿ ಯಶವಂತಪುರದ ಛತ್ರಕ್ಕೆ ಕರೆದೊಯ್ಯುವುದು ನನಗೆ ಹತ್ತು ನಿಮಿಷದ ಕೆಲಸವಾಗಿ ಕಂಡಿತ್ತು. ಅದು ಎಂಬತ್ತರ ದಶಕ. ನಾನು ಸರ್ಕಾರಿ ಗುಮಾಸ್ತ. ಆಧುನಿಕತೆಯ ಮೇಲೆ ಅಪಾರ ವಿಶ್ವಾಸ.

ಆಪರೇಷನ್ ಆದಮೇಲೆ ಮಾವನವರಿಗೆ ಮೂತ್ರ ತಡೆಯುತ್ತಿರಲಿಲ್ಲ. ಆರ್.ಟಿ. ನಗರದ ನಮ್ಮ ಮನೆಯಲ್ಲೇ ಇದ್ದರು. ನನ್ನ ಹೆಂಡತಿ ವಿಮಲ ಹಳೆಯ ಮಲ್ ಪಂಚೆ ಹರಿದು, ಆರು ಮಡಿಕೆ ಮಾಡಿ ಕಟ್ಟುತ್ತಿದ್ದಳು, ಒಗೆಯುತ್ತಿದ್ದಳು, ಒಣಹಾಕುತ್ತಿದ್ದಳು. ಈಗ ಮಾವನವರ ಕಿರಿಯ ಮಗಳು ಸುಧಾಳ ಮದುವೆ. ಮಾವ ಮಾತ್ರ ಛತ್ರಕ್ಕೆ ಬರುವುದಿಲ್ಲವೆಂದು ಹಟ ಹಿಡಿದಿದ್ದರು.

“ಧಾರೆ ನನ್ನ ತಮ್ಮ ಎರೀಲಿ. ಮಂಟಪದಲ್ಲಿ ನನ್ನ ಪಂಚೆ ಒದ್ದೆಯಾದ್ರೆ ಆ ಹುಡುಗಿ ಮುಖ ಎಲ್ಲಿಟ್ಕೋಬೇಕು?”

ಪಕ್ಕದ ಮನೆಯ ಬಷೀರ್ ಸಾಹೇಬರ ಹತ್ತಿರ ಗುಟ್ಟು ತೋಡಿಕೊಂಡೆ. ಅವರು ಒಳಗಿನಿಂದ ಒಂದು ಪೊಟ್ಟಣ ತಂದರು. “ತಗೊಳ್ಳಿ ಸಾರ್. ನಮ್ಮ ತಮ್ಮ ಸೌದಿಯಿಂದ ಅಮ್ಮೀಗೆ ಅಂತ ತಂದ. ಅಮ್ಮೀ ಪ್ಲಾಸ್ಟಿಕ್ ನಕ್ಕೋ, ಬೇಡವೇ ಬೇಡ ಅಂತಾರೆ.”

ಪೊಟ್ಟಣದಲ್ಲಿ ದೊಡ್ಡವರಿಗೆಂದೇ ಮಾಡಿದ, ಮೂತ್ರ ಹೀರಿಕೊಳ್ಳುವ ನಾಲ್ಕು ಚಡ್ಡಿಗಳಿದ್ದವು. ವಿಮಲ ಮೂರು ಅನ್ನುತ್ತಾಳೆ. ನನ್ನ ನೆನಪಿಗೆ ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವ ಚಾಳಿ. ಆದ್ದರಿಂದ ಮೂರು ಎಂದೇ ಇಟ್ಟುಕೊಳ್ಳಿ.

ಮೊದಲನೆಯದು ಅದ್ಭುತ. ಮಾವ ಎರಡು ಗಂಟೆ ಕುರ್ಚಿಯಲ್ಲಿ ಕೂತು ಎದ್ದರು. ಪಂಚೆ ಒಂದು ಹನಿ ನೆನೆದಿರಲಿಲ್ಲ. “ಹಾಗಾದ್ರೆ ಬರ್ತೀನಪ್ಪ,” ಅಂದರು. ನನಗೆ ಮಹಡಿ ಹತ್ತಿ ಕೂಗುವಷ್ಟು ಸಂಭ್ರಮ.

“ಇದನ್ನ ಬಿಸಾಕ್ಬೇಕಲ್ವೇನ್ರೀ?” ವಿಮಲ ಕೇಳಿದಳು.

“ಪೊಟ್ಟಣದ ಮೇಲೆ ಓದು. ಡಿಸ್ಪೋಸಬಲ್.”

“ಅಂದ್ರೆ?”

“ವಿಲೇವಾರಿ ಮಾಡಬಹುದಾದದ್ದು. ಆಫೀಸಲ್ಲಿ ದಿನಾ ಫೈಲ್ ಡಿಸ್ಪೋಸ್ ಮಾಡ್ತೀನಿ. ಒಂದನ್ನಾದ್ರೂ ಬಿಸಾಕಿದ್ದೀವಾ? ದಾರ ಕಟ್ಟಿ ರೆಕಾರ್ಡ್ ರೂಮಲ್ಲಿಡ್ತೀವಿ. ಬೇಕಾದಾಗ ಮತ್ತೆ ತೆಗೀತೀವಿ.”

ಸದರಿ ಚಡ್ಡಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಒಗೆಯುವ ಕಲ್ಲಿನ ಮೇಲಿಟ್ಟು ಬ್ರಷ್ಷಿನಿಂದ ಉಜ್ಜಿದೆ. ಅದು ಉಬ್ಬಿತು. ಕಡುಬಿನಂತೆ ಉಬ್ಬಿತು. ಆಮೇಲೆ ಒಡೆಯಿತು. ಒಳಗಿನ ಹತ್ತಿಯೆಲ್ಲ ಗಂಜಿಯಾಗಿ ಬಚ್ಚಲ ತೂಬಿಗಿಳಿದು ಅಲ್ಲೇ ಕಾಯಂ ಆಯಿತು.

ತಪ್ಪು ಬ್ರಷ್ಷಿನದು, ತತ್ವದ್ದಲ್ಲ ಎಂದು ತೀರ್ಮಾನಿಸಿದೆ. ಮರುದಿನ ಎರಡನೆಯದನ್ನು ತೊಡಿಸಿ, ಆಟೋ ಕುಲುಕಾಟಕ್ಕೆ ತಡೆಯುತ್ತದೆಯೇ ನೋಡಲು ಮಾವನವರನ್ನು ಹೆಬ್ಬಾಳದವರೆಗೆ ಸುತ್ತಾಡಿಸಿ ತಂದೆ. ತಡೆಯಿತು. ಅದನ್ನು ಬರಿಗೈಯಲ್ಲಿ, ರೇಷ್ಮೆ ಸೀರೆಗೆ ತೋರುವ ಮರ್ಯಾದೆಯಿಂದ ಒಗೆದೆ. ಅದೂ ಒಡೆದು ತೂಬು ಸೇರಿತು, ಬಚ್ಚಲ ನೀರು ಹಜಾರಕ್ಕೆ ಬಂತು.

ಉಳಿದದ್ದು ಒಂದು. ಮಂಟಪದಲ್ಲಿ ಚಕ್ಕಳಮಕ್ಕಳ ಕೂತರೆ ಅದು ನಿಲ್ಲುತ್ತದೆಯೇ? ಧಾರೆಯ ದಿನ ಬೆಳಿಗ್ಗೆ ನಾನೇ ತೊಟ್ಟು ಕೂತು ನೋಡಿದೆ. ನಿಂತಿತು. ಬಿಚ್ಚಲು ಹೋದರೆ ಬಿಡಲೇ ಇಲ್ಲ. ಅಂಟುಪಟ್ಟಿ ಕಿತ್ತರೆ ಪ್ಲಾಸ್ಟಿಕ್ಕೂ ಹರಿದು ಬರುವಂತಿತ್ತು.

“ವಿಮಲ,” ಬಾಗಿಲ ಸಂದಿನಿಂದ ಕರೆದೆ, “ಒಂದು ಸಣ್ಣ ತೊಂದರೆ.”

ಅವಳು ನೋಡಿದಳು. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಹೋಗಿ ಹಳೆಯ ಪಂಚೆಯನ್ನು ಎಂಟು ಮಡಿಕೆ ಮಾಡಿ, ಮೇಲೊಂದು ರಬ್ಬರ್ ಶೀಟು ಸುತ್ತಿ ಮಾವನವರಿಗೆ ಕಟ್ಟಿದಳು. “ನಾನು ಹಿಂದೇನೇ ನಿಂತಿರ್ತೀನಪ್ಪ. ಧಾರೆ ಮುಗಿದ ತಕ್ಷಣ ಎಬ್ಬಿಸ್ತೀನಿ.” ಮಾವ ಮಗಳನ್ನು ನೋಡಿದರು, ಆಮೇಲೆ ನನ್ನನ್ನು. ಕೋಲು ತೆಗೆದುಕೊಂಡು ಎಲ್ಲರಿಗಿಂತ ಮೊದಲು ಆಟೋದಲ್ಲಿ ಕೂತರು.

ಫಾರಿನ್ ಮಾಲು ಕತ್ತರಿಸಲು ನನಗೆ ಮನಸ್ಸು ಬರಲಿಲ್ಲ. ಮಾವನವರ ಬಟ್ಟೆ ಕೈಕೊಟ್ಟರೆ ಛತ್ರದಲ್ಲಿ ಜೋಪಾನವಾಗಿ ಬಿಡಿಸಿ ಕೊಡೋಣವೆಂದು, ತುರ್ತು ದಾಸ್ತಾನಾಗಿ ಮೈಮೇಲೇ ಉಳಿಸಿಕೊಂಡು ಹೊರಟೆ.

ಮಾವ ಧಾರೆ ಎರೆದರು. ಪಂಚೆ ಒಣಗಿಯೇ ಇತ್ತು. ಪಕ್ಕದಲ್ಲಿ ತಂಬಿಗೆ ಹಿಡಿದಿದ್ದ ನಾನು ಬಾಗಿದಾಗಲೆಲ್ಲ ಒಳಗಿಂದ ಚರ್ ಚರ್ ಸದ್ದು. ಪುರೋಹಿತರು ಎರಡು ಸಲ ಮಂತ್ರ ನಿಲ್ಲಿಸಿ ಸುತ್ತ ನೋಡಿದರು. ಬೆಳಿಗ್ಗೆಯಿಂದ ಬಿಡದಿದ್ದ ಅಂಟುಪಟ್ಟಿಗೆ ಆಗಲೇ ವೈರಾಗ್ಯ ಬಂತು. ಚಡ್ಡಿ ಪಂಚೆಯೊಳಗೇ ಜಾರಿ ಮೊಣಕಾಲಿನಲ್ಲಿ ಗಂಟಾಗಿ ನಿಂತಿತು. ನಾನು ಕುಂಟುತ್ತ ಮಂಟಪ ಇಳಿದೆ.

ಮಾವ ಕಿವಿಯ ಹತ್ತಿರ ಬಂದರು. ಮಂಟಪದ ಬಳಿಯೋ ಊಟದ ಹೊತ್ತಿಗೋ, ನನಗೆ ಖಾತ್ರಿಯಿಲ್ಲ. ಮಾತು ಮಾತ್ರ ಖಾತ್ರಿ.

“ಅಳಿಯಂದ್ರೇ, ಬ್ಯಾಗಲ್ಲಿ ಇನ್ನೊಂದು ಪಂಚೆ ತುಂಡಿದೆ. ಕೊಡ್ಲಾ?”

ಅವತ್ತು ಛತ್ರದಲ್ಲಿ ಎಲ್ಲರೂ ನನ್ನ ಆರೋಗ್ಯ ವಿಚಾರಿಸಿದರು. ಮಾವನವರನ್ನು ಯಾರೂ ಏನೂ ಕೇಳಲಿಲ್ಲ.